ಅವ್ವನ ರೇಡಿಯೋ ಕೊಟ್ಟು ತಂದ ಡಬ್ಬಗಳು

ಆಗ ನನಗೆ ಹನ್ನೊಂದು ವರ್ಷ. ಐವತ್ತು ವರ್ಷದ ಮೇಲಾಯ್ತು, ಸಿಟ್ಟು ಮಾತ್ರ ಇನ್ನೂ ಆರಿಲ್ಲ. ಆ ಕಾಲದಾಗೆ ಊರಿಗೆ ನಾಲ್ಕೈದು ರೇಡಿಯೋ ಇದ್ರೆ ಹೆಚ್ಚು, ಅವೂ ಗಂಡಸರ ಪಡಸಾಲೆಯಲ್ಲಿ. ನಮ್ಮ ಭಾನುವಳ್ಳಿಯಲ್ಲಿ ಒಲೆ ಪಕ್ಕ ರೇಡಿಯೋ ಇಟ್ಟುಕೊಂಡವಳು ನಮ್ಮವ್ವ ಒಬ್ಬಳೇ.

ಅದು ಅವಳ ತವರಿನದು. ಹರಿಹರದಲ್ಲಿದ್ದ ನಮ್ಮ ಮಾವ, ಅಂದ್ರೆ ಅವ್ವನ ಅಣ್ಣ, ಒಂದು ಹಬ್ಬಕ್ಕೆ ಸೀರೆ ಬದಲು ಕೊಟ್ಟಿದ್ದು. "ಸೀರೆ ಹರಿದುಹೋಗ್ತೈತೆ, ಇದು ಮಾತಾಡ್ತೈತೆ" ಅಂದಿದ್ದನಂತೆ.

ಮರದ ಡಬ್ಬ. ಹಚ್ಚಿದ ಮೇಲೆ ಕಾಯೋಕೆ ಸ್ವಲ್ಪ ಹೊತ್ತು ಬೇಕು. ಕಾದರೆ ಸುಟ್ಟ ಧೂಳಿನ ವಾಸನೆ, ಅದರ ಜೊತೆಗೇ ಹಂಚಿನ ಮೇಲಿನ ರೊಟ್ಟಿ, ಬೆಳ್ಳುಳ್ಳಿ ಒಗ್ಗರಣೆ. ಅವ್ವ ರೊಟ್ಟಿ ತಟ್ಟೋ ಕೈಯಲ್ಲೇ ತಿರುಪು ತಿರುಗಿಸೋಳು. ಸಂದಿಯಲ್ಲೆಲ್ಲ ಜೋಳದ ಹಿಟ್ಟು ಒಣಗಿ ಕಲ್ಲಾಗಿತ್ತು. ರೇಡಿಯೋಗೆ ಎದುರುತ್ತರ ಬೇರೆ. ರೈತರಿಗೆ ಬುದ್ಧಿ ಹೇಳೋ ಕಾರ್ಯಕ್ರಮ ಬಂದ್ರೆ, "ನೀ ಯಾವತ್ತು ಕೆಸರಿಗೆ ಇಳಿದಿದ್ದೆಪ್ಪಾ?" ಅನ್ನೋಳು. ವಾರ್ತೆ ಓದೋನು ಕೆಮ್ಮಿದರೆ, "ಶುಂಠಿ ಕಷಾಯ ಕುಡಿ, ಆಮೇಲೆ ಓದೀಯಂತೆ" ಅನ್ನೋಳು. ಅಪ್ಪನ ಮುಂದೆ ತುಟಿ ಬಿಚ್ಚದ ಹೆಂಗಸು ಅದರ ಮುಂದೆ ದಿನವಿಡೀ ಮಾತಾಡೋಳು.

ಆ ವರ್ಷ ಭತ್ತ ಚೆನ್ನಾಗಿ ಬಂತು. ಎದುರುಮನೆಯವರು ಎರಡು ಸ್ಪೀಕರ್ ಡಬ್ಬ ಇರೋ ರೆಕಾರ್ಡ್ ಪ್ಲೇಯರ್ ತಂದರು. ಸಂಜೆಯಾದರೆ ಗಂಡಸರೆಲ್ಲ ಅವರ ಕಟ್ಟೆಗೆ. ನಮ್ಮ ಪಡಸಾಲೆ ಬಣಗುಟ್ಟಿತು. ಅಪ್ಪನಿಗೆ ಉಂಡದ್ದು ಮೈಗೆ ಹತ್ತಲಿಲ್ಲ.

ಒಂದಿನ ಅವ್ವಗೆ, "ನಿನ್ನ ರೇಡಿಯೋ ಕರಕರ ಅಂತೈತೆ, ದಾವಣಗೆರೆಗೆ ಒಯ್ದು ರಿಪೇರಿ ಮಾಡಿಸ್ತೀನಿ" ಅಂದ. ಅವ್ವ ನಂಬಿದಳು. ತಾನೇ ಹಳೇ ಕೌದಿಯಲ್ಲಿ ಸುತ್ತಿ, ಬಸ್ಸಿನ ತನಕ ಹೊತ್ತು ತಂದು, ಅಪ್ಪನ ಜೊತೆ ಹೊರಟಿದ್ದ ನನ್ನ ತೊಡೆ ಮೇಲಿಟ್ಟಳು. "ಕುಲುಕಾಡಿಸಬ್ಯಾಡ ಗಂಗಿ" ಅಂದಳು. ಹರಿಹರದಲ್ಲಿ ಬಸ್ಸು ಬದಲಿಸಬೇಕಾದರೂ ನಾನದನ್ನು ನೆಲಕ್ಕಿಡಲಿಲ್ಲ.

ದಾವಣಗೆರೆಯ ಆ ಅಂಗಡಿ ತುಂಬ ಸ್ಪೀಕರ್ ಡಬ್ಬಗಳು. ಅಂಗಡಿಯವನು ಅಪ್ಪನನ್ನು ಕುರ್ಚಿ ಮೇಲೆ ಕೂರಿಸಿ, "ಕಣ್ಣು ಮುಚ್ಚಿ ಕೇಳ್ರಿ ಯಜಮಾನ್ರೇ" ಅಂದ. ಅಪ್ಪನಿಗೆ ಕಿವಿಯ ಮೇಲೆ ನಂಬಿಕೆ ಇರಲಿಲ್ಲ. ಎದ್ದುಹೋಗಿ ಒಂದೊಂದೇ ಡಬ್ಬಕ್ಕೆ ತೆಂಗಿನಕಾಯಿಗೆ ಬಡಿದಂಗೆ ಬಡಿದ. ಆಮೇಲೆ ಭತ್ತದ ಚೀಲದಂಗೆ ಎತ್ತಿ ನೋಡಿದ. "ಇದು ತೂಕ ಐತೆ. ಎದುರುಮನೆಯವರದು ಇಷ್ಟಿಲ್ಲ" ಅಂದ. ಸ್ಪೀಕರ್ ಆರಿಸೋ ಕೆಲಸ ಅಲ್ಲಿಗೆ ಮುಗೀತು.

ಆಮೇಲೆ ನನ್ನ ತೊಡೆ ಮೇಲಿನ ಗಂಟಿಗೆ ಕೈ ಹಾಕಿದ. "ಹಳೇದು ಇದು. ಇದನ್ನ ಇಟ್ಕೊಂಡು ಹೊಸದು ಕೊಡ್ರಿ."

"ಅಪ್ಪಾ, ಇದು ರಿಪೇರಿಗಲ್ವಾ?" ಅಂದೆ.

"ಸುಮ್ನಿರು."

"ಇದು ಅವ್ವಂದು."

"ಹುಡುಗಿ ಬಾಯಿ ಜೋರೈತೆ" ಅಂದ ಅಂಗಡಿಯವನು.

"ಅವರವ್ವನ ತವರಿನ ಬಾಯಿ ಅದು, ಬಿಡ್ರಿ" ಅಂದ ಅಪ್ಪ.

ಅಂಗಡಿಯವನು ಕೌದಿ ಬಿಚ್ಚಿ, ತಿರುಪಿನ ಹಿಟ್ಟನ್ನು ಉಗುರಲ್ಲಿ ಕೆರೆದ. "ಇದೇನ್ರಿ ಯಜಮಾನ್ರೇ, ರೇಡಿಯೋನೋ, ಹಿಟ್ಟು ಕಲಸೋ ಪರಾತನೋ?"

ಅಪ್ಪ ನಕ್ಕ. ಅವನ ಜೊತೆ ಸೇರಿ, ಹೆಗಲು ಕುಣಿಸಿ ನಕ್ಕ. ಮಾರಿದ್ದನ್ನ ಬೇಕಾದ್ರೆ ಮರೆತೇನು, ಆ ನಗುವನ್ನ ನಾನು ಸಾಯೋ ತನಕ ಮರೆಯಲ್ಲ. ಅವ್ವ ತಟ್ಟಿದ ರೊಟ್ಟಿ ತಿಂದೇ ಬಂದಿದ್ದ ಅವತ್ತೂ.

ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಿರ್ಚಿ ಕೊಡಿಸಿದ. ತಿಂದೆ. ಸಿಟ್ಟು ಬ್ಯಾರೆ, ಹೊಟ್ಟೆ ಬ್ಯಾರೆ.

ಊರು ಮುಟ್ಟಿದಾಗ ಅವ್ವ ಬಾಗಿಲಲ್ಲೇ ಇದ್ದಳು. ಡಬ್ಬಗಳನ್ನು ನೋಡಲಿಲ್ಲ. ನನ್ನ ಖಾಲಿ ಕೈ ನೋಡಿದಳು.

"ರೇಡಿಯೋ ಎಲ್ರೀ?"

"ಅದನ್ನ ಕೊಟ್ಟೆ. ಇದು ಅದರಪ್ಪ. ಇದರಾಗೂ ರೇಡಿಯೋ ಐತೆ."

"ಅದು ನಮ್ಮಣ್ಣ ಕೊಟ್ಟಿದ್ದು."

"ನಿಮ್ಮಣ್ಣನಿಗೂ ಹರಿಹರದ ತನಕ ಕೇಳಂಗೆ ಹಚ್ತೀನಿ, ತಡಿ."

ಪಡಸಾಲೆಯಲ್ಲಿ ಡಬ್ಬ ಕೂತವು. ಗಂಡಸರು ಬಂದು ತುಂಬಿಕೊಂಡರು. ಅವರಿರುವಾಗ ಅವ್ವ ಅಲ್ಲಿಗೆ ಕಾಲಿಡಂಗಿಲ್ಲ. ಸದ್ದೇನೋ ಅಡಿಗೆಮನೆಗೂ ಬಂತು, ಗೋಡೆ ನಡುಗಂಗೆ ಬಂತು. ಆದ್ರೆ ಕೇಳೋದು ಬ್ಯಾರೆ, ತಿರುಪು ಕೈಯಲ್ಲಿರೋದು ಬ್ಯಾರೆ. ಬ್ಯಾಡಾದರೆ ಆರಿಸಂಗಿಲ್ಲ, ಬೇಕಾದ್ದು ಹಚ್ಚಂಗಿಲ್ಲ. ಅವ್ವ ರೇಡಿಯೋ ಇದ್ದ ಗೂಡನ್ನು ಒರೆಸಿ, ಅಲ್ಲಿ ಉಪ್ಪಿನ ಗಡಿಗೆ ಇಟ್ಟಳು. ನನ್ನನ್ನ ಹತ್ತಿರ ಕರೆದು, "ನಿಮ್ಮ ಮಾವನ ಕಿವಿಗೆ ಇದು ಬೀಳಬಾರದು. ಬಿದ್ರೆ ಎರಡೂ ಮನೆ ಕೆಡ್ತಾವೆ" ಅಂದಳು. ನಾನು ಹೂಂ ಅನ್ನಲಿಲ್ಲ.

ಈಗ ಯಾಕ ಇದನ್ನೆಲ್ಲ ಬರೀತಿದೀನಿ ಅಂದ್ರೆ, ಹೋದ ಭಾನುವಾರ ನನ್ನ ಮಗ ಹೋಮ್ ಥಿಯೇಟರ್ ತಂದ. ಇರೋದು ಸಾಲದಂತೆ, ಇನ್ನೂ ದೊಡ್ಡದು. ದಾವಣಗೆರೆ ಪಿ.ಜೆ. ಬಡಾವಣೆಯ ನಮ್ಮ ಮನೇಲಿ ಈಗ ಡಬ್ಬ ಮುಂದೆರಡು, ಹಿಂದೆರಡು, ನಡುವೆ ಒಂದು, ಎದೆಗೆ ಗುದ್ದೋದು ಇನ್ನೊಂದು. ನನ್ನನ್ನ ಸೋಫಾದ ನಡುವಿಗೆ ಕೂರಿಸಿ, "ಇಲ್ಲೇ ಚೆನ್ನಾಗಿ ಕೇಳ್ಸೋದು ಅವ್ವಾ" ಅಂದ.

"ಅಡಿಗೆಮನೆಗೆ ಯಾವುದು?" ಅಂದೆ.

"ಅಲ್ಲಿ ಯಾರು ಸಿನಿಮಾ ನೋಡ್ತಾರೆ, ಬಿಡು."

ಸೊಸೆ ಲಟ್ಟಣಿಗೆ ನಿಲ್ಲಿಸಿ ನನ್ನ ಮುಖ ನೋಡಿದಳು. ರಿಮೋಟು ಮಗನ ಜೇಬಿನಾಗಿತ್ತು. ಹೆತ್ತವಳು ನಾನೇ, ಬುದ್ಧಿ ಮಾತ್ರ ಅವರಜ್ಜನದು.

ಅವ್ವನ ರೇಡಿಯೋ ತಿರುಗಿ ಬರಲಿಲ್ಲ. ಹೋಗಲಿ, ಮರದ ಡಬ್ಬ, ಗೆದ್ದಲಾದರೂ ತಿಂತಿತ್ತು. ಹೋದದ್ದು ಅವ್ವನ ಮಾತು. ಅವತ್ತಿನಿಂದ ಅವಳು ಒಲೆ ಮುಂದೆ ಯಾರಿಗೂ ಎದುರುತ್ತರ ಕೊಡಲಿಲ್ಲ. ಬದುಕಿದಷ್ಟು ದಿನ ರೊಟ್ಟಿ ತಟ್ಟೋ ಸದ್ದು ಬಿಟ್ರೆ ಆ ಅಡಿಗೆಮನೆಯಲ್ಲಿ ಬ್ಯಾರೆ ಸದ್ದಿರಲಿಲ್ಲ. ಮಾವನೂ ಅಪ್ಪನೂ ಮಾತು ಬಿಟ್ಟರು, ಅವ್ವ ಅಂದಂಗೇ ಆಯ್ತು. ಎಲ್ಲ ನಿನ್ನಿಂದ ಅಂತ ನನ್ನ ಬೈದವರು ಬಹಳ. ಬೈಯಲಿ. ಇವತ್ತಾದರೂ ಅದನ್ನೇ ಮಾಡ್ತೀನಿ.

ಡಬ್ಬ ತಂದ ಮಾರನೇ ಬೆಳಿಗ್ಗೆ ಅಪ್ಪ ಏಳೋಕೆ ಮುಂಚೆ ಮೊದಲ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಮಾವ ಬಾಗಿಲಲ್ಲಿ ಬೇವಿನ ಕಡ್ಡಿ ಕಡೀತಾ ನಿಂತಿದ್ದ.

"ಯಾಕವ್ವ, ಒಬ್ಬಳೇ ಬಂದಿ? ನಿಮ್ಮವ್ವ ಹುಷಾರಾಗಿದ್ದಾಳಾ?"

"ಇಲ್ಲ" ಅಂದೆ. "ನೀ ಕೊಟ್ಟ ರೇಡಿಯೋನ ಅಪ್ಪ ಅಂಗಡಿಗೆ ಹಾಕಿದ. ಹಾಕಿ ನಕ್ಕ. ಅಪ್ಪನ್ನ ಕೇಳಾಕೆ ಬಾ ಮಾವ."