ರ‍್ಯಾಮ್ ಹಾಕಿ ಮದುವೆ ನೋಡುತ್ತಿದ್ದ ಅಪ್ಪಾಸಾಬ ಕಾಕಾ

ಅಪ್ಪಾಸಾಬ ಕಾಕಾ ಅವರ ಅಂಗಿಯ ಜೇಬಿನಲ್ಲಿ ಪೆನ್ನು ಇರುತ್ತಿರಲಿಲ್ಲ, ಶಾಲೆ ಮಕ್ಕಳ ರಬ್ಬರ್ ಇರುತ್ತಿತ್ತು. ಯಾರ ಕಂಪ್ಯೂಟರ್ ಕೈಕೊಟ್ಟರೂ ಮೊದಲು ಅದರ ರ‍್ಯಾಮ್ ಪಟ್ಟಿಯನ್ನು ಹೊರಗೆಳೆದು, ಹಳದಿ ಅಂಚನ್ನು ಆ ರಬ್ಬರಿನಿಂದ ತಿಕ್ಕಿ, ಉಫ್ ಎಂದು ಊದಿ ಮತ್ತೆ ಸಿಕ್ಕಿಸುತ್ತಿದ್ದರು. ಅರ್ಧಕ್ಕರ್ಧ ಯಂತ್ರಗಳು ಅಷ್ಟಕ್ಕೇ ಎದ್ದು ಕೂರುತ್ತಿದ್ದವು. ಕಾಗವಾಡದ ಬಸ್ ನಿಲ್ದಾಣದ ಹಿಂದೆ ಅವರ ದುರಸ್ತಿ ಅಂಗಡಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು, ತಾವೇ ರೊಟ್ಟಿ ಬಡಿದುಕೊಳ್ಳುತ್ತಿದ್ದರು.

ನಾನು ಶೇಡಬಾಳದವನು. ಮದುವೆ, ಬಸುರಿಯರ ಕುಬಸದ ಕಾರ್ಯಗಳ ವಿಡಿಯೊ ತೆಗೆದು ಮನೆಯಲ್ಲೇ ಎಡಿಟ್ ಮಾಡುವುದು ನನ್ನ ಕಸುಬು. ಒಮ್ಮೆ ಯಂತ್ರ ಹೆಜ್ಜೆಹೆಜ್ಜೆಗೂ ನಿಲ್ಲತೊಡಗಿದಾಗ ಹೊತ್ತುಕೊಂಡು ಹೋದೆ.

"ಕಾಕಾ, ಮೂವತ್ತೆರಡು ಜಿಬಿ ಹಾಕಿಬಿಡ್ರಿ. ಎಡಿಟ್ ಮಾಡೂಮುಂದ ಹ್ಯಾಂಗ್ ಆಗಾಕತ್ತೈತಿ."

"ಆಧೀ ಬಘೂ," ಅಂದರು. ಮೊದಲು ನೋಡೋಣ ಎಂಬುದನ್ನು ಅವರು ಯಾವಾಗಲೂ ಮರಾಠಿಯಲ್ಲೇ ಹೇಳುತ್ತಿದ್ದರು. "ಫೋರ್‌ಕೆ ತಗೀತಿಯೇನ?"

"ಇಲ್ರಿ, ಸಾದಾ ಎಚ್‌ಡಿ."

"ಹಂಗಾರ ಹದಿನಾರು ಸಾಕೋ ತಮ್ಮಾ, ಸುಮ್ನ ರೊಕ್ಕಾ ಯಾಕ ಸುರೀತಿ? ಎಂಟರದ್ದು ಒಂದು ಐತಿ. ಅದೇ ನಮೂನಿದು, ಅದೇ ಸ್ಪೀಡಿಂದು ಹಳೇದೊಂದು ಜೋಡಿ ಹಾಕೂಣು. ಒಂದು ದೊಡ್ಡೆತ್ತು ಒಂದು ಸಣ್ಣೆತ್ತು ಹೂಡಿದ್ರ ಗಾಡಿ ನೆಟ್ಟಗ ಹೋಗ್ತೈತೇನು?"

ಹಳೆಯ ಪಟ್ಟಿಗಳ ಡಬ್ಬಿಯಲ್ಲಿ ಹುಡುಕಿ, ತಿಕ್ಕಿ, ಹಾಕಿದರು. ಮುಂದಿನದು ಪರೀಕ್ಷೆ. ಗಿರಾಕಿಯ ಸ್ವಂತ ವಿಡಿಯೊ ಓಡಿಸಿ ನೋಡಬೇಕು, ಅದೂ ಮೊದಲಿನಿಂದ ಕೊನೆಯವರೆಗೆ. ಹತ್ತು ನಿಮಿಷದಲ್ಲಿ ಗೊತ್ತಾಗುವುದಕ್ಕೆ ಎರಡು ತಾಸು ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಹೀಗಾಗಿ ಸುತ್ತಲಿನ ಊರುಗಳ ಮದುವೆಗಳೆಲ್ಲ ಅವರಿಗೆ ಬಾಯಿಪಾಠ. "ಈ ಹುಡುಗಿನ್ನ ಕುಡಚಿಗೆ ಕೊಟ್ಟಾರಲ್ಲ? ಅಕಿ ಸೋದರಮಾವ ಸಿಟ್ಟಾಗಿ ಊಟಾ ಬಿಟ್ಟು ಎದ್ದಿದ್ದ," ಎನ್ನುವರು. ಮುದುಕನಿಗೆ ಬೇರೆ ಕೆಲಸವಿಲ್ಲ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಅಂದು ಪರೀಕ್ಷೆಗೆ ಸಿಕ್ಕಿದ್ದು ನನ್ನ ಮಗಳ ನಾಮಕರಣದ ವಿಡಿಯೊ. ಊಟದ ಪಂಕ್ತಿ ಬಂದಾಗ ಕಾಕಾ ಮುಂದೆ ಬಾಗಿದರು.

"ಹೋಳಗಿ ಮಾಡ್ಸಿದ್ದಿ?"

"ಹೌದ್ರಿ."

"ತುಪ್ಪಾ ಚಲೋ ಬಡಸ್ಯಾರ."

ಆ ಮಾತಿನಲ್ಲಿ ಆಕ್ಷೇಪಣೆ ಎಳ್ಳಷ್ಟೂ ಇರಲಿಲ್ಲ. ಅದಕ್ಕೇ ನನಗೆ ಚುಚ್ಚಿತು. ಇಷ್ಟು ವರ್ಷ ಕೆಲಸ ಮಾಡಿಸಿಕೊಂಡು ಒಮ್ಮೆಯೂ ಇವರನ್ನು ಕರೆದಿರಲಿಲ್ಲ. ನಾನೇ ಏಕೆ, ಬಹುಶಃ ಯಾರೂ ಕರೆದಿರಲಿಲ್ಲ.

"ಮುಂದಿನ ಕಾರ್ಯಕ್ಕ ನೀವು ಬರಾಕಬೇಕ್ರಿ ಕಾಕಾ."

"ಕರಿ, ಬರ್ತೀನಿ," ಎಂದು ಥಟ್ಟನೆ ಅಂದರು. "ಒಂದು ಬಿಳೇ ಅಂಗಿ ಇಸ್ತ್ರಿ ಮಾಡಿ ಇಟ್ಟೀನಿ."

ಮರುವರ್ಷ ಮನೆ ಕಟ್ಟಿಸಿದೆ. ಹೆಂಡತಿಯೂ ನಾನೂ ಕೂತು ಕರೆಯುವವರ ಯಾದಿ ಬರೆದೆವು. ದೂರದ ನೆಂಟರನ್ನೂ ನೆನಪಿಸಿಕೊಂಡು ಬರೆದೆವು. ಕಾಕಾ ಅವರನ್ನು ಮರೆತೆ. ಬೇಕೆಂದು ಬಿಟ್ಟದ್ದಲ್ಲ, ನೆನಪೇ ಆಗಲಿಲ್ಲ. ಗೃಹಪ್ರವೇಶ ಮುಗಿದು ವಾರದ ಮೇಲೆ ನೆನಪಾಗಿ ನಾಚಿಕೆಯಿಂದ ಮುಖ ತೋರಿಸಲಾರದೆ, ಸಣ್ಣಪುಟ್ಟ ದುರಸ್ತಿಗೂ ಮಿರಜಿಗೆ ಹೋಗತೊಡಗಿದೆ.

ಹಾಗೇ ತಿಂಗಳುಗಳು ಕಳೆದವು. ಒಂದು ದಿನ ಅಂಗಡಿ ಪಕ್ಕದ ಚಹಾದವನ ಫೋನು ಬಂತು.

"ಕಾಕಾ ಹೋಗಿಬಿಟ್ರು. ಹಾರಾ ಹಾಕಾಕ ಒಂದು ಫೋಟೊ ಇಲ್ಲ. ನೀವು ವಿಡಿಯೊದವ್ರು, ನಿಮ್ಮ ಕಡೆ ಇದ್ದ ಇರ್ತೈತಿ, ನೋಡ್ರಿ."

ನನ್ನಲ್ಲಿದ್ದ ವಿಡಿಯೊಗಳನ್ನೆಲ್ಲ ಹುಡುಕಿದೆ. ಇಷ್ಟು ಊರುಗಳ ಮಂದಿ ಇದ್ದಾರೆ, ಕಾಕಾ ಎಲ್ಲೂ ಇಲ್ಲ. ಕೊನೆಗೆ ಉಳಿದದ್ದು ನಮ್ಮ ಗೃಹಪ್ರವೇಶದ್ದು. ಅವರು ಜೋಡಿ ಹಾಕಿಕೊಟ್ಟ ಯಂತ್ರದಲ್ಲಿ ಅದು ಎಲ್ಲೂ ತಡವರಿಸದೆ ಓಡಿತು. ಊಟದ ಪಂಕ್ತಿ ಬಂದಾಗ ನಾನೇ ನಿಲ್ಲಿಸಿದೆ. ಕರೆದಿರಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಿಳಿ ಅಂಗಿಯವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಹೋದೆ.