ಕಾಯಿಸಿದ ಬ್ರೆಡ್ಡಿನ ಸತ್ತ್ವವಿಚಾರ

ಬ್ರೆಡ್ಡಿನ ಪೊಟ್ಟಣದ ಬೆನ್ನಿನ ಮೇಲೆ ಇರುವೆಗಾತ್ರದ ಅಕ್ಷರಗಳಲ್ಲಿ ಒಂದು ಪಟ್ಟಿ ಇರುತ್ತದೆ ಎಂಬುದು ಅರುವತ್ತು ವರ್ಷ ದಾಟುವವರೆಗೂ ನನ್ನ ಗಮನಕ್ಕೆ ಬಂದಿರಲಿಲ್ಲ. ಶರ್ಕರಪಿಷ್ಟ, ನಾರು, ಸಸಾರಜನಕ, ಕೊಬ್ಬು, ಉಪ್ಪು, ಎಲ್ಲಕ್ಕೂ ಒಂದೊಂದು ಅಂಕೆ. ಮಣಿಪಾಲದ ಅಂಗಡಿಯೊಂದರಲ್ಲಿ ಕನ್ನಡಕವನ್ನು ಹಣೆಗೇರಿಸಿ, ಪೊಟ್ಟಣವನ್ನು ಮೂಗಿಗೆ ತಾಗಿಸಿಕೊಂಡು ನಾನು ಈ ಪಟ್ಟಿಯನ್ನು ಪಾರಾಯಣ ಮಾಡುತ್ತಿದ್ದರೆ, ಹಿಂದೆ ಸಾಲುಗಟ್ಟಿದ ಹಾಸ್ಟೆಲಿನ ಮಕ್ಕಳು ಈ ಮುದುಕ ಬ್ರೆಡ್ಡನ್ನು ಕೊಳ್ಳುತ್ತಾನೋ ಮುದ್ದಿಸುತ್ತಾನೋ ಎಂದು ಕಾಯುತ್ತಿದ್ದರು. ಕಾರ್ಕಳದ ಕಾಲೇಜಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದವನಿಗೆ ಅಂಕೆಗಳು ಕಂಡರೆ ಹಾಗೆಯೇ, ಹಳೆಯ ಶಿಷ್ಯರು ಸಿಕ್ಕಿದಷ್ಟು ಸಂತೋಷವಾಗುತ್ತದೆ.

ನನಗಾಗಿ ಆದರೆ ನಾನು ಇಷ್ಟು ಓದುತ್ತಿರಲಿಲ್ಲ. ಓದುತ್ತಿದ್ದುದು ಕಾಪುವಿನಲ್ಲಿದ್ದ ಅಕ್ಕನಿಗಾಗಿ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿ ನನ್ನನ್ನು ಓದಿಸಿದವಳು ಅವಳು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಅವಳಿಗೆ ಸಕ್ಕರೆ ಕಾಯಿಲೆ ಎಂದಾಯಿತು. ಡಾಕ್ಟರು ಒಂದು ಮಾತ್ರೆ ಬರೆದು, ಸ್ವಲ್ಪ ನಡೆಯಿರಿ, ಅನ್ನ ಸ್ವಲ್ಪ ಕಡಿಮೆ ಮಾಡಿ ಎಂದರು, ಅಷ್ಟೇ. ಆ ‘ಸ್ವಲ್ಪ’ ನನಗೆ ಸಾಲಲಿಲ್ಲ. ನಾನು ಅವಳ ಬೆಳಗಿನ ಕುಚ್ಚಲಕ್ಕಿ ಗಂಜಿಯನ್ನೇ ನಿಲ್ಲಿಸಿ, ಪ್ರತಿ ಶನಿವಾರ ಉಡುಪಿಯಿಂದ ಬಸ್ಸು ಹತ್ತಿ, ಇಡಿಗೋಧಿಯದೆಂದು ಬರೆದಿದ್ದ ಕಂದುಬಣ್ಣದ ಬ್ರೆಡ್ಡನ್ನು ಎರಡೆರಡು ಪೊಟ್ಟಣ ಒಯ್ಯತೊಡಗಿದೆ.

ಅದನ್ನು ಹಾಗೆಯೇ ತಿನ್ನುವಂತೆಯೂ ಇರಲಿಲ್ಲ. ಕಾಯಿಸಿದರೆ ಬ್ರೆಡ್ಡಿನ ಸಕ್ಕರೆಯೆಲ್ಲ ಸುಟ್ಟುಹೋಗುತ್ತದೆ ಎಂದು ಯಾರೋ ಹೇಳಿದ್ದನ್ನು ನಾನು ನಂಬಿಬಿಟ್ಟಿದ್ದೆ. ದೋಸೆಯ ಕಾವಲಿಯ ಮೇಲೆ ಹೋಳುಗಳನ್ನಿಟ್ಟು, ಕಪ್ಪಾದಷ್ಟೂ ಆರೋಗ್ಯ ಎಂದು ಅಕ್ಕನ ಸೊಸೆ ಸುಜಾತಳಿಗೆ ಪ್ರಾತ್ಯಕ್ಷಿಕೆ ಕೊಟ್ಟೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮೀನಿನ ಬೆಲೆಯಲ್ಲಿ ಊರಿನ ಬಾಯಿಯನ್ನೇ ಮುಚ್ಚಿಸುತ್ತಿದ್ದ ಹೆಂಗಸು, ಇದೆಂತ, ಯಾಕೆ, ಎಷ್ಟು ದಿನ ಎಂದು ಒಂದು ಮಾತನ್ನೂ ಕೇಳಲಿಲ್ಲ. ಆಯ್ತು ತಮ್ಮ ಎಂದಳು. ಓದಿದ ತಮ್ಮನ ಮೇಲಿನ ಗೌರವ ಎಂದುಕೊಂಡು ನಾನು ಒಳಗೊಳಗೇ ಉಬ್ಬಿದೆ.

ಇಲ್ಲಿ ಒಂದು ಮಾತು ಹೇಳಬೇಕು. ನಾವು ಚಿಕ್ಕವರಿದ್ದಾಗ ನಮ್ಮ ಕಡೆ ಬ್ರೆಡ್ಡು ತಿಂಡಿಯಾಗಿರಲಿಲ್ಲ, ಅದು ರೋಗಿಯ ಪಥ್ಯ. ಜ್ವರ ಬಂದರೆ ಚಾದಲ್ಲಿ ಅದ್ದಿದ ಬ್ರೆಡ್ಡು, ಜ್ವರ ಬಿಟ್ಟರೆ ಗಂಜಿ. ಯಾರದಾದರೂ ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ ಕಂಡರೆ ದಾರಿಯಲ್ಲಿ ಹೋಗುವವರು ನಿಲ್ಲಿಸಿ, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಕೇಳುತ್ತಿದ್ದರು. ನಮ್ಮ ಅಮ್ಮ ಕೊನೆಯ ಸಲ ಆಸ್ಪತ್ರೆ ಸೇರಿದಾಗ ನೋಡಲು ಬಂದವರೆಲ್ಲ ಒಂದೊಂದು ಬ್ರೆಡ್ಡು ತಂದು, ಕಿಟಕಿಯ ದಂಡೆಯ ಮೇಲೆ ಜಾಗವಿಲ್ಲದಾಗಿತ್ತು. ಹತ್ತು ವರ್ಷದವನಾಗಿದ್ದ ನಾನು ಹಬ್ಬವೆಂಬಂತೆ ಅವನ್ನು ತಿಂದೆ. ಅಮ್ಮನ ತಲೆದಿಂಬಿನ ಪಕ್ಕ ಕುಳಿತಿದ್ದವಳು ಅಕ್ಕ. ಈಗ ಉಡುಪಿ ಮಣಿಪಾಲಗಳಲ್ಲಿ ಬ್ರೆಡ್ಡು ತಿನ್ನುವುದು ಆರೋಗ್ಯವಂತರ ಲಕ್ಷಣ. ಕಾಲ ಬದಲಾದದ್ದು ನನಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡಿದ್ದೆ.

ಬ್ರೆಡ್ಡು ಶುರುವಾಗಿ ಎರಡು ತಿಂಗಳಾಗುವಷ್ಟರಲ್ಲಿ ಅಕ್ಕ ಬದಲಾದಳು. ಕಿವಿಯ ಬೆಂಡೋಲೆ ಬಿಚ್ಚಿ ಮೊಮ್ಮಗಳಿಗೆ ಕೊಟ್ಟಳು. ಅಮ್ಮನ ಕಾಲದ ಹಿತ್ತಾಳೆಯ ಚೆಂಬನ್ನು, ಇದು ನಿನ್ನಲ್ಲಿರಲಿ ಎಂದು ನನ್ನ ಚೀಲಕ್ಕೆ ತುರುಕಿದಳು. ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ಮಟ್ಟುವಿನ ಚಿಕ್ಕಮ್ಮನ ಮಗಳ ಮನೆಗೆ ತಾನಾಗಿಯೇ ಹೋಗಿ ಊಟ ಮಾಡಿ, ಚೀಲದ ತುಂಬ ಗುಳ್ಳ ಬದನೆ ತಂದಳು. ಸೊಸೆಯನ್ನು ಬಯ್ಯುವುದನ್ನೂ ಬಿಟ್ಟಳು. ನಾರಿನಂಶ ಹೆಚ್ಚಾದರೆ ಸ್ವಭಾವವೂ ಮೃದುವಾಗುತ್ತದೆ ಎಂದು ನಾನು ಹೆಂಡತಿಯೆದುರು ಒಂದು ಸಿದ್ಧಾಂತವನ್ನೇ ಮಂಡಿಸಿದೆ. ಅವಳು, ಹಾಗಾದರೆ ನೀವೂ ಎರಡು ಹೋಳು ತಿನ್ನಿ ಎಂದಳು.

ಈ ವಿಜಯವನ್ನು ಅಧಿಕೃತಗೊಳಿಸಬೇಕೆಂಬ ಚಪಲ ಹುಟ್ಟಿ, ಅಕ್ಕನ ರಕ್ತಪರೀಕ್ಷೆಯ ವರದಿಯನ್ನೂ ಒಂದು ಬ್ರೆಡ್ಡಿನ ಪೊಟ್ಟಣವನ್ನೂ ಹಿಡಿದುಕೊಂಡು ಆಸ್ಪತ್ರೆಯ ಆಹಾರತಜ್ಞೆಯೊಬ್ಬಳನ್ನು ಕಾಣಲು ಹೋದೆ. ಹೆಬ್ರಿ ಕಡೆಯ ಹುಡುಗಿ, ನನ್ನ ಶಿಷ್ಯೆಯರ ಮಕ್ಕಳ ವಯಸ್ಸು. ನನ್ನ ಕಾವಲಿಯ ಸಿದ್ಧಾಂತವನ್ನು ತಾಳ್ಮೆಯಿಂದ ಕೇಳಿ, “ಸರ್, ಕಾಯಿಸಿದ್ರೆ ನೀರು ಹೋಗ್ತದೆ. ಉಳಿದದ್ದೆಲ್ಲ ಹೆಚ್ಚು ಕಡಿಮೆ ಅಲ್ಲಿಯೇ ಉಂಟು, ಕರಿ ಮಾಡಿದ್ರೆ ರುಚಿ ಹಾಳು ಅಷ್ಟೆ” ಎಂದಳು. ಆಮೇಲೆ ಪೊಟ್ಟಣ ತಿರುಗಿಸಿ, ಅಂಕೆಗಳ ಕೆಳಗೆ ನಾನು ಓದದೆ ಬಿಟ್ಟಿದ್ದ ಸಾಲಿನ ಮೇಲೆ ಬೆರಳಿಟ್ಟಳು. ಮೊದಲು ಮೈದಾ, ಕೊನೆಗೆ ಬಣ್ಣ. ನಡುವೆ ಎಲ್ಲೋ ಗೋಧಿ. “ಅವರಿಗೆ ಸಣ್ಣ ಬಟ್ಟಲಲ್ಲಿ ಕುಚ್ಚಲಕ್ಕಿ ಗಂಜಿ ಕೊಡಬಹುದು ಸರ್, ಜೊತೆಗೆ ಮೀನು, ಪಲ್ಯ. ಗಂಜಿ ಬೇಡ ಅಂತ ಹೇಳಿದ್ದು ಯಾರು?” ನಾನು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡಿದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗೆ ಎರಡೂ ತಿಳಿದಿರಲಿಲ್ಲ.

ಅಲ್ಲಿಂದ ನೇರವಾಗಿ ಕಾಪುವಿಗೆ ಹೋದೆ. ಅಕ್ಕ ಹಿತ್ತಲಲ್ಲಿ ಕುಳಿತು ಬೂತಾಯಿ ಮೀನು ಕೊಯ್ಯುತ್ತಿದ್ದಳು. ಶುಭವಾರ್ತೆ ತಂದವನ ಗತ್ತಿನಲ್ಲಿ, “ಅಕ್ಕ, ಆಸ್ಪತ್ರೆಗೆ ಹೋಗಿದ್ದೆ. ಇನ್ನು ಬ್ರೆಡ್ಡು ಬೇಡವಂತೆ. ನೀನು ಗಂಜಿ ಉಣ್ಣಬಹುದು” ಎಂದೆ. ಅವಳ ಕೈ ನಿಂತಿತು. ಎದ್ದು ಕೈ ತೊಳೆದು ಬಂದಳು. ಸುಜಾತ ಬಡಿಸಿದ ಗಂಜಿಯನ್ನು ಉಪ್ಪಿನಕಾಯಿ ನೆಂಚಿಕೊಂಡು, ನಿಧಾನವಾಗಿ, ಬಟ್ಟಲಲ್ಲಿ ಒಂದಗುಳೂ ಬಿಡದೆ ಉಂಡಳು. ಸುಜಾತ ಹೊರಗೆ ಹೋದ ಮೇಲೆ ಮೆಲ್ಲನೆ ಕೇಳಿದಳು:

“ಎಷ್ಟು ದಿನ ಅಂತ ಹೇಳಿದ್ರು?”

“ಎಂತ ದಿನ?”

“ಅಮ್ಮನಿಗೂ ಹೀಗೆಯೇ ಅಲ್ವಾ. ಬ್ರೆಡ್ಡು ಕೊಟ್ಟು ಕೊಟ್ಟು, ಕೊನೆಗೆ ಡಾಕ್ಟ್ರು ಇನ್ನು ಅವರಿಗೆ ಬೇಕಾದ್ದು ಕೊಡಿ ಅಂತ ಹೇಳಿದ್ದು. ನೀನು ಸಣ್ಣವ, ನಿನಗೆ ನೆನಪಿಲ್ಲ. ಗಂಜಿ ಕುಡಿಸಿದ್ದು ನಾನು.”

ನನಗೆ ಆಗ ಬೆಂಡೋಲೆ, ಚೆಂಬು, ಮಟ್ಟುವಿನ ಊಟ ಎಲ್ಲದರ ಅರ್ಥವಾಯಿತು. ನನ್ನ ಬ್ರೆಡ್ಡಿನ ಮೊದಲ ಪೊಟ್ಟಣ ಕಂಡ ದಿನವೇ ಅವಳು ತನಗೆ ತಮ್ಮನೂ ಹೇಳಲಾರದಂಥ ರೋಗ ಬಂದಿದೆ ಎಂದು ತಿಳಿದಿದ್ದಳು. ಹೆದರಿಕೆಯನ್ನು ಒಬ್ಬಳೇ ನುಂಗಿಕೊಂಡು, ನನಗೆ ನೋವಾಗಬಾರದೆಂದು ಏನನ್ನೂ ಕೇಳದೆ, ಕಪ್ಪಾದ ಹೋಳುಗಳನ್ನು ದಿನವೂ ತಿಂದಿದ್ದಳು. ನಾನು ನಾರು, ಪಿಷ್ಟ, ಮೈದಾ ಎಂದು ತಡವರಿಸುತ್ತ ನಿಜವನ್ನು ವಿವರಿಸತೊಡಗಿದೆ. ನಿನಗೆ ಅಂಥದ್ದೇನೂ ಇಲ್ಲ, ತಪ್ಪೆಲ್ಲ ನನ್ನದು ಎಂದೆ. ಹೇಳುತ್ತ ಹೇಳುತ್ತ ನಾಚಿಕೆಯೂ ದುಃಖವೂ ಒಟ್ಟಿಗೇ ಉಕ್ಕಿ ಅತ್ತುಬಿಟ್ಟೆ. ಅಳಬಾರದಾಗಿತ್ತು. ಅಕ್ಕ ಸೆರಗಿನಿಂದ ನನ್ನ ಮುಖ ಒರೆಸಿ, “ಇರಲಿ ಮಾರಾಯ, ನಿನಗೆ ಸುಳ್ಳು ಹೇಳಲಿಕ್ಕೆ ಮೊದಲಿಂದಲೂ ಬರುವುದಿಲ್ಲ” ಎಂದಳು.

ಮುಂದಿನ ವಾರ ಆಹಾರತಜ್ಞೆಯಿಂದ ಅದನ್ನೇ ಬರೆಸಿಕೊಂಡು ಹೋದೆ. ಅವಳ ಮಗನಿಂದಲೂ ಹೇಳಿಸಿದೆ. ಅಕ್ಕ ಎಲ್ಲದಕ್ಕೂ ಆಯ್ತು ಆಯ್ತು ಎಂದಳು. ಆಮೇಲೆ ಒಂದು ವರ್ಷ ಚೆನ್ನಾಗಿಯೇ ಇದ್ದಳು, ಸೊಸೆಯನ್ನು ಮತ್ತೆ ಬಯ್ಯುವಷ್ಟು ಚೆನ್ನಾಗಿ. ನಂಬಿದಳು ಎಂದೇ ನಾನು ತಿಳಿದೆ. ಒಂದು ಬೆಳಿಗ್ಗೆ, ಅಂಗಳ ಗುಡಿಸುತ್ತಿದ್ದವಳು ಹೃದಯ ನಿಂತು ಹೋಗಿಬಿಟ್ಟಳು. ಸಕ್ಕರೆಯೂ ಕಾರಣವಲ್ಲ, ಬ್ರೆಡ್ಡೂ ಅಲ್ಲ ಎಂದು ಡಾಕ್ಟರು ನನಗೆ ಸಮಾಧಾನ ಹೇಳಿದರು. ಕಾರ್ಯಗಳೆಲ್ಲ ಮುಗಿದು ಹೊರಟು ನಿಂತಾಗ ಸುಜಾತ ನನ್ನೊಡನೆ ಗೇಟಿನವರೆಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದಳು:

“ಮಾವ, ಅತ್ತೆ ಖುಷಿಯಲ್ಲೇ ಇದ್ರು. ದಿನಾ ಬೆಳಿಗ್ಗೆ ಗಂಜಿ ಕುಡಿಯುವಾಗ ಹೇಳ್ತಿದ್ರು, ಡಾಕ್ಟ್ರು ಹೇಳಿದ್ದಕ್ಕಿಂತ ಹೆಚ್ಚು ದಿನವೇ ಸಿಕ್ಕಿತು, ತಮ್ಮನ ಹತ್ರ ಹೇಳಬೇಡ, ಅವನು ಪುನಃ ಅಳ್ತಾನೆ ಅಂತ.”