ಸರೋಜಕ್ಕನ ಬಾವಿಯ ನೀರು

ದೊಡ್ಡಬಳ್ಳಾಪುರದ ಮೊದಲ ಬೆಳಿಗ್ಗೆ ಬಾಗಿಲು ತೆರೆದರೆ ಚರಂಡಿಯಲ್ಲಿ ಕೆಂಪು ನೀರು ಹರಿಯುತ್ತಿತ್ತು. ನಾನು ಹಿಂದಕ್ಕೆ ಹಾರಿದೆ. ಮನೆಯೊಡತಿ ಸರೋಜಕ್ಕ ನಕ್ಕರು. "ರಕ್ತ ಅಲ್ಲ ಕಣಮ್ಮ. ಮೇಲ್ಗಡೆ ನಮ್ಮಣ್ಣನ ಬಣ್ಣದ ಮನೆ ಐತೆ. ಮದುವೆ ಸೀರೆ ರೇಷ್ಮೆಗೆ ಬಣ್ಣ ಹಾಕ್ತಾವ್ರೆ."

ಅದು ತೊಂಬತ್ತರ ದಶಕದ ಆರಂಭ. ರಸಾಯನಶಾಸ್ತ್ರದ ಎಂ.ಎಸ್ಸಿ. ಓದಲು ವಿಜಾಪುರದಿಂದ ಬಂದ ನನಗೆ ಬೆಂಗಳೂರಿನ ಹಾಸ್ಟೆಲಿನಲ್ಲಿ ಜಾಗ ಸಿಗಲಿಲ್ಲ. ಈ ನೇಕಾರರ ಮನೆಯ ಹಿಂದಿನ ಕೋಣೆ ಸಿಕ್ಕಿತು. ನಮ್ಮ ಕಡೆ ನೀರು ಎಷ್ಟಿದೆ ಎಂದು ನೋಡುತ್ತೇವೆ. ಇಲ್ಲಿ ಅದು ಇವತ್ತು ಯಾವ ಬಣ್ಣ ಎಂದು ನೋಡುತ್ತಿದ್ದರು. ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತೆ. ರಾಗಿ ಮುದ್ದೆ ನುಂಗುವುದು ಅದಕ್ಕಿಂತ ಕಷ್ಟವಾಯಿತು. ರೊಟ್ಟಿ ಅಗಿದು ಬೆಳೆದ ಹಲ್ಲುಗಳು ಸುಮ್ಮನಿರುತ್ತಿರಲಿಲ್ಲ. "ಅಗೀಬ್ಯಾಡ, ಸಾರಲ್ಲಿ ಅದ್ದಿ ನುಂಗು" ಎಂದು ಸರೋಜಕ್ಕ ಎದುರಿಗೇ ಕೂತು ಕಲಿಸಿದರು. ಅಷ್ಟು ದೂರದ ಊರಿನಲ್ಲಿ ನನಗೆ ಇದ್ದವರು ಅವರೊಬ್ಬರೇ.

ಒಂದು ದಿನ ನಮ್ಮ ಮೇಷ್ಟ್ರು ತರಗತಿಯಲ್ಲಿ, ನಿಮಗೆ ಪರಿಸರದ ಕಾಳಜಿ ಎಲ್ಲಿಂದ ಬಂತು ಎಂದು ಒಬ್ಬೊಬ್ಬರನ್ನೇ ಕೇಳಿದರು. ಕೆಲವರು ಪುಸ್ತಕ ಎಂದರು, ಕೆಲವರು ಟೀವಿ, ಕಾಡಿನ ಶಿಬಿರ ಎಂದರು. ನಾನು ನಮ್ಮ ಬೀದಿಯ ಚರಂಡಿ ಎಂದೆ. ಎಲ್ಲರೂ ನಕ್ಕರು. ಆದರೂ ಭಾನುವಾರ ನಾಲ್ವರು ಗೆಳೆಯರು ಸೀಸೆ ಹಿಡಿದು ಬಂದರು. ಪರೀಕ್ಷೆಗೆಂದು ಚರಂಡಿಯ ನೀರನ್ನೂ ಹಿತ್ತಲ ಬಾವಿಯ ನೀರನ್ನೂ ತುಂಬಿಕೊಂಡರು. ಸರೋಜಕ್ಕ ಸಂಭ್ರಮದಿಂದ ಪಕ್ಕದ ಮನೆಯ ಲೋಟ ತಂದು, ಅದೇ ಬಾವಿಯ ನೀರಿನಲ್ಲಿ ಕಾಫಿ ಮಾಡಿಕೊಟ್ಟರು. ಗೆಳೆಯರು ಮುಖ ಮುಖ ನೋಡಿಕೊಂಡರು. "ಈಗಷ್ಟೇ ಕುಡ್ಕೊಂಡು ಬಂದ್ವಿ ಆಂಟಿ."

ನಾನೊಬ್ಬಳೇ ಕುಡಿದೆ. ಆರಿದ ಕಾಫಿಯ ಲೋಟಗಳನ್ನು ಸರೋಜಕ್ಕ ಒಳಗೆ ಒಯ್ದರು.

ಸಂಜೆ ಕೇಳಿದರು. "ಅವ್ರು ಕುಡೀಲಿಲ್ಲ. ನೀನ್ಯಾಕೆ ಕುಡ್ದೆ?"

"ನಿಮ್ಮನಿ ಕಾಫಿ ಅಲ್ಲೇನ್ರಿ ಅಕ್ಕಾ?"

"ನನ್ ಮಕ್ಳು ದಿನಾ ಕುಡೀತಾವೆ. ಸೀಸೇಲಿ ಏನೈತೆ ಅಂತ ಗೊತ್ತಾದಾಗ ಮೊದ್ಲು ನಂಗೆ ಹೇಳು. ನಮ್ಮಣ್ಣಂಗೆ ನಾನ್ ಹೇಳ್ತೀನಿ."

ಪರೀಕ್ಷೆ ಮಾಡಿ ನೋಡಿದರೆ ಬಣ್ಣ ಬಾವಿಗೂ ಇಳಿದಿತ್ತು, ಕಣ್ಣಿಗೆ ಕಾಣದಷ್ಟು. ಸರೋಜಕ್ಕನಿಗೆ ಹೇಳುವಾಗ ನನಗೆ ಅಳು ಬಂತು, ಅವರಿಗೆ ಬರಲಿಲ್ಲ. ಅಂದಿನಿಂದ ಕುಡಿಯುವ ನೀರನ್ನು ದೂರದ ನಲ್ಲಿಯಿಂದ ಹೊತ್ತು ತರತೊಡಗಿದರು. ಅಣ್ಣನಿಗೆ ಮಾತ್ರ ಏನೂ ಹೇಳದೆ ಗೌರಿ ಹಬ್ಬದವರೆಗೆ ಕಾದರು.

ನಮ್ಮ ಕಡೆ ಪಂಚಮಿಗೆ ಅಣ್ಣ ಕರೆಯಲು ಬರುವ ಹಾಗೆ, ಇಲ್ಲಿ ಗೌರಿ ಹಬ್ಬಕ್ಕೆ ತವರಿನವರು ಮೊರದಲ್ಲಿ ಬಾಗಿನ ತರುತ್ತಾರೆ. ಸರೋಜಕ್ಕನ ಅಣ್ಣ ಬಾಗಿನ ಕೊಟ್ಟು ಕೂತರು. ಸರೋಜಕ್ಕ ಗಾಜಿನ ಲೋಟದಲ್ಲಿ ಬಾವಿಯ ನೀರು ತಂದಿಟ್ಟು, ನನ್ನ ಸೀಸೆಯ ವಿಷಯ ಹೇಳಿದರು. ಅಣ್ಣ ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು.

"ಏನೂ ಕಾಣಲ್ವಲ್ಲ."

"ನಂಗೂ ಕಾಣ್ಲಿಲ್ಲ ಕಣಣ್ಣ. ನನ್ ಮಕ್ಳು ಇಷ್ಟ್ ದಿನ ಕುಡಿದವ್ರೆ. ನೀನೂ ಕುಡಿ."

ಅವರು ಕುಡಿಯಲಿಲ್ಲ. ಲೋಟ ಕೆಳಗಿಟ್ಟು ಎದ್ದು ಹೋದರು.

ದೀಪಾವಳಿಯ ಹೊತ್ತಿಗೆ ಬಣ್ಣದ ಮನೆ ಊರಾಚೆಗೆ ಹೋಯಿತು. ಅಣ್ಣ ತಂಗಿಯ ಮಾತು ಕಡಿಮೆಯಾಯಿತು. ಊರಾಚೆ ಯಾರ ಬಾವಿ ಇದೆ ಎಂದು ಸರೋಜಕ್ಕನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ರಜೆಗೆ ಊರಿಗೆ ಹೋದೆ. ಬಿಸಿಲಲ್ಲಿ ಬಂದವಳಿಗೆ ಅವ್ವ ಬೆಲ್ಲದ ಚೂರು, ಗಾಜಿನ ಲೋಟದಲ್ಲಿ ನೀರು ಕೊಟ್ಟಳು. ನನಗೆ ಅರಿವಿಲ್ಲದೆ ಕೈ ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯಿತು.

"ಯಾಕ ಮಗಳ, ನಮ್ಮನಿ ನೀರಿನ ಮ್ಯಾಲೆ ನಂಬಿಕಿ ಹೋತೇನು?"

ಗಟಗಟ ಕುಡಿದುಬಿಟ್ಟೆ. ಹುಟ್ಟಿದ ಮನೆಯಲ್ಲೇ ನೆಂಟಳಾದೆನಲ್ಲ ಎಂದು ಸಂಕಟವಾಯಿತು. ಅವ್ವ ಇನ್ನೊಂದು ಲೋಟ ತುಂಬಿದಳು. ಕೊಡುವ ಮೊದಲು ತಾನೇ ಒಮ್ಮೆ ಅದನ್ನು ಬೆಳಕಿಗೆ ಹಿಡಿದು ನೋಡಿದಳು.